ಅಸ್ಸಿಯ ದಂಡೆಯಲ್ಲಿ ಮೂರು ಪಟಗಳು

ಕಾಶಿಯಾತ್ರೆ ಮಾಡಿ ಬಂದ ನಮ್ಮ ಬಂಧುಗಳಲ್ಲಿ ಬಹುಮಂದಿಗೆ ಗೊತ್ತಿರುವುದು ವಿಶ್ವನಾಥನ ಗಲ್ಲಿ, ಜಂಗಮವಾಡಿ ಮಠ, ಹನುಮಾನ್ ಘಾಟಿನ ದಕ್ಷಿಣದವರ ಕೇರಿ. ಅಲ್ಲಿಂದ ಇನ್ನೂ ದಕ್ಷಿಣಕ್ಕೆ ದಂಡೆ ಹಿಡಿದು ನಡೆದರೆ ಅಸ್ಸಿ ಸಿಗುತ್ತದೆ. ಅಲ್ಲಿ ಗಂಗೆಗೆ ಮುಖಮಾಡಿದ ಒಂದು ಮನೆಯಲ್ಲಿ 1936ರಿಂದ 1978ರವರೆಗೆ ಆಲಿಸ್ ಬೋನರ್ ಎಂಬ ಸ್ವಿಸ್ ಕಲಾವಿದೆ ವಾಸವಾಗಿದ್ದರು. 1889ರಲ್ಲಿ ಇಟಲಿಯಲ್ಲಿ ಹುಟ್ಟಿ, ಯೂರೋಪಿನಲ್ಲಿ ಶಿಲ್ಪ ಕಲಿತು, ನರ್ತಕ ಉದಯಶಂಕರರು ತಂಡ ಕಟ್ಟಲು ನೆರವಾಗಿ, ಕೊನೆಗೆ ಕಾಶಿಯಲ್ಲಿ ನೆಲೆನಿಂತವರು. 1974ರಲ್ಲಿ ಪದ್ಮಭೂಷಣ ಪಡೆದವರು. ಇಲ್ಲಿಗೆ ಬಂದ ಮೇಲೆ ಉಳಿ ಬಿಟ್ಟು ಕುಂಚ ಹಿಡಿದರು. ಹಲವು ವರ್ಷ ದುಡಿದು ಅವರು ಬರೆದ ದೊಡ್ಡ ಕೃತಿ ಮೂರು ಪಟಗಳದ್ದು: ಪ್ರಕೃತಿ, ವಿಶ್ವರೂಪ, ಕಾಳಿ.

ಮೂರು ಪಟಗಳನ್ನು ಒಂದಾಗಿ ಕಾಣಿಸುವ ಪದ್ಧತಿ ಯೂರೋಪಿನ ಇಗರ್ಜಿಗಳದು, ಹೆಸರುಗಳು ನಮ್ಮವು. ಅಲ್ಲಿ ಕಲಿತ ಕೈಗೆ ಇಲ್ಲಿಯ ವಸ್ತು ಏಕೆ ಬೇಕಾಯಿತು? ಇದನ್ನು ತಿಳಿಯಲು ಅಲ್ಲಿಯ ಅನ್ಯೋಕ್ತಿಚಿತ್ರಗಳ ಕಥೆಯನ್ನು ಸ್ವಲ್ಪ ನೋಡಬೇಕು. ಅನ್ಯೋಕ್ತಿ ಎಂದರೆ ಒಂದನ್ನು ತೋರಿ ಇನ್ನೊಂದನ್ನು ಹೇಳುವುದು. ನ್ಯಾಯ, ಶಾಂತಿ, ಕಾಲ ಮುಂತಾದ ಕಾಣದ ಸಂಗತಿಗಳಿಗೆ ಮೈ ಕೊಟ್ಟು ನಿಲ್ಲಿಸುವುದು.

ಇಟಲಿಯ ಸಿಯೆನಾ ನಗರವನ್ನು ಒಂದು ಕಾಲಕ್ಕೆ ಒಂಬತ್ತು ಮಂದಿಯ ಸಭೆ ಆಳುತ್ತಿತ್ತು. ಒಬ್ಬೊಬ್ಬರಿಗೆ ಎರಡೇ ತಿಂಗಳ ಅವಧಿ! ಅವರು ಕೂಡುತ್ತಿದ್ದ ಕೋಣೆಯ ಗೋಡೆಗಳ ಮೇಲೆ 1338-39ರಲ್ಲಿ ಆಂಬ್ರೋಜಿಯೊ ಲೊರೆಂಜೆಟ್ಟಿ ಒಳ್ಳೆಯ ಆಡಳಿತ, ಕೆಟ್ಟ ಆಡಳಿತಗಳ ಚಿತ್ರ ಬರೆದ. ನ್ಯಾಯದೇವತೆಯ ತಕ್ಕಡಿಯಿಂದ ಇಳಿದ ಹಗ್ಗ ಸಾಮರಸ್ಯ ಎಂಬ ಹೆಣ್ಣಿನ ಕೈಗೆ ಬರುತ್ತದೆ. ಅವಳ ತೊಡೆಯ ಮೇಲೆ ಬಡಗಿಯ ಉಜ್ಜುಗೊರಡು, ಅಂದರೆ ಏರುತಗ್ಗುಗಳನ್ನು ಸಮಮಾಡುವವಳು. ಅವಳಿಂದ ಆ ಹಗ್ಗವನ್ನು ಇಪ್ಪತ್ತನಾಲ್ಕು ನಾಗರಿಕರು ಸಾಲಾಗಿ ಹಿಡಿದು ಒಡೆಯನಿಗೆ ಮುಟ್ಟಿಸುತ್ತಾರೆ. ಎದುರು ಕೊಂಬಿನ ದಬ್ಬಾಳಿಕೆ ಕುಳಿತಿದೆ. ಅದರ ಕಾಲಬುಡದಲ್ಲಿ ಅದೇ ನ್ಯಾಯ ಕೈಕಟ್ಟಿಸಿಕೊಂಡು ಬಿದ್ದಿದೆ. ಪ್ರತಿ ಆಕೃತಿಯ ಪಕ್ಕದಲ್ಲೂ ಹೆಸರು ಬರೆದಿದೆ. ಆದರೂ ಚಿತ್ರ ಸತ್ತಿಲ್ಲ, ಏಕೆಂದರೆ ಪಕ್ಕದ ಗೋಡೆಯಲ್ಲಿ ನಿಜವಾದ ಊರಿದೆ: ಅಂಗಡಿ, ಕುಣಿಯುವವರು, ಹೇರು ಹೊತ್ತ ಕತ್ತೆ, ಹೊಲ. ತೀರ್ಮಾನ ಕೊಡಲು ಕುಳಿತವರು ತಲೆಯೆತ್ತಿದರೆ ಅದೇ ಕಾಣಬೇಕು.

ಮುಂದೆ ಇದು ಶಾಸ್ತ್ರವಾಯಿತು. 1593ರಲ್ಲಿ ಚೆಸಾರೆ ರೀಪಾ ಎಂಬುವನು ಯಾವ ಗುಣಕ್ಕೆ ಯಾವ ಉಡುಪು, ಕೈಯಲ್ಲಿ ಯಾವ ವಸ್ತು ಎಂಬುದನ್ನು ಅಕಾರಾದಿಯಾಗಿ ಪುಸ್ತಕ ಮಾಡಿದ. 1603ರಲ್ಲಿ ಅದರ ಸಚಿತ್ರ ಆವೃತ್ತಿಯೂ ಬಂತು. ನಮ್ಮಲ್ಲೂ ಧ್ಯಾನಶ್ಲೋಕಗಳು ಇಂಥ ಕೆಲಸ ಮಾಡಿವೆ, ಆದರೆ ಪೂಜೆಗಾಗಿ. ಅಲ್ಲಿ ಹಣವುಳ್ಳ ಯಾರೂ ಏನನ್ನು ಬೇಕಾದರೂ ಹೇಳಿಸಬಹುದಾಯಿತು. 1778ರಲ್ಲಿ ಲಂಡನ್ನಿನ ಈಸ್ಟ್ ಇಂಡಿಯಾ ಕಂಪೆನಿಯ ಕಚೇರಿಯ ಮಾಳಿಗೆಗೆ ಸ್ಪಿರಿಡಿಯೋನೆ ರೋಮಾ ಬರೆದ ಚಿತ್ರದಲ್ಲಿ ಭಾರತವೆಂಬ ಹೆಣ್ಣು ಬ್ರಿಟಾನಿಯಾ ದೇವಿಗೆ ಮುತ್ತುರತ್ನಗಳನ್ನು ತಾನಾಗಿಯೇ ಅರ್ಪಿಸುತ್ತಾಳೆ. ಬಂಗಾಳದ ಭೀಕರ ಕ್ಷಾಮ ಕಳೆದು ಆಗ ಹತ್ತು ವರ್ಷವೂ ಆಗಿರಲಿಲ್ಲ. ಅನ್ಯೋಕ್ತಿ ಸುಳ್ಳು ಹೇಳಲೂ ಒದಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆ ಹೆಣ್ಣನ್ನು ಅರಮನೆಯ ಊಳಿಗದಿಂದ ಬಿಡಿಸಿ ತಂದವರು ಅವನೀಂದ್ರನಾಥ ಠಾಕೂರರು ಎನ್ನಬಹುದು. ಅವರ 1905ರ ಭಾರತಮಾತೆಯ ನಾಲ್ಕು ಕೈಗಳಲ್ಲಿ ತೆನೆ, ಬಟ್ಟೆ, ಪುಸ್ತಕ, ಜಪಮಾಲೆ. ಕೈಗೊಂದು ವಸ್ತು ಕೊಡುವ ಹಳೆಯ ಉಪಾಯವೇ. ಆದರೆ ಆಕೆ ಯಾರಿಗೂ ಕಪ್ಪ ಒಪ್ಪಿಸುತ್ತಿಲ್ಲ. ಇನ್ನೂ ಒಂದು ಹೆಜ್ಜೆ ಮುಂದಿಟ್ಟದ್ದು ಕಾಶಿ. ಅಲ್ಲಿ ಶಿವಪ್ರಸಾದ ಗುಪ್ತರು ಕಟ್ಟಿಸಿ, 1936ರ ಅಕ್ಟೋಬರಿನಲ್ಲಿ ಗಾಂಧೀಜಿ ತೆರೆದ ಭಾರತಮಾತಾ ಮಂದಿರದಲ್ಲಿ ಮೂರ್ತಿಯೇ ಇಲ್ಲ. ಅಖಂಡ ಭಾರತದ ಬೆಟ್ಟ, ನದಿ, ಬಯಲುಗಳ ಅಮೃತಶಿಲೆಯ ಭೂಪಟವಿದೆ. ನವೆಂಬರ್ ಬಂದರೆ ನಮ್ಮ ಸಂಘದ ವೇದಿಕೆಯಲ್ಲಿ ಭುವನೇಶ್ವರಿಯ ಪಟಕ್ಕೆ ಹಾರ ಹಾಕುವಾಗ ನನಗೆ ಈ ಎರಡೂ ನೆನಪಾಗುತ್ತವೆ. ನಾವು ಅಲ್ಲಿ ತಾಯಿ, ಭೂಪಟ ಎರಡನ್ನೂ ಒಟ್ಟಿಗೇ ಇಟ್ಟುಕೊಂಡಿರುತ್ತೇವೆ.

ಆ 1936ರಲ್ಲೇ ಬೋನರ್ ಅಸ್ಸಿಗೆ ಬಂದದ್ದು. ಊರು ಮೂರ್ತಿಯನ್ನು ಬಿಟ್ಟು ನಕ್ಷೆ ಹಿಡಿದ ವರ್ಷ ಈಕೆ ಮೂರ್ತಿಯನ್ನು ಹುಡುಕಿಕೊಂಡು ಬಂದರು. ಬಾದಾಮಿಯ ಮೊದಲ ಗುಹೆಯ ನಟರಾಜನ ಮುಂದೆ ನಿಂತಾಗ ನಾವೆಲ್ಲ ಮೊದಲು ಮಾಡುವುದು ಹದಿನೆಂಟು ಕೈಗಳನ್ನು ಎಣಿಸುವುದು, ಯಾವ ಕೈಯಲ್ಲಿ ಏನಿದೆ ಎಂದು ಮಕ್ಕಳಿಗೆ ತೋರಿಸುವುದು. ಇದು ರೀಪಾನ ದಾರಿ. ಬೋನರ್ ಎಲ್ಲೋರ, ಬಾದಾಮಿ, ಮಹಾಬಲಿಪುರಗಳ ಶಿಲ್ಪಗಳ ಮೇಲೆ ವೃತ್ತ ಎಳೆದು, ವ್ಯಾಸಗಳನ್ನೂ ಓರೆಗೆರೆಗಳನ್ನೂ ಹಾಯಿಸಿ ನೋಡಿದರು. ತೋಳು, ತೊಡೆ, ಆಯುಧಗಳು ಆ ಗೆರೆಗಳನ್ನೇ ಅನುಸರಿಸುತ್ತಿದ್ದವು. ಅರ್ಥವಿರುವುದು ಕೈಯಲ್ಲಿ ಹಿಡಿದ ವಸ್ತುವಿನಲ್ಲಷ್ಟೇ ಅಲ್ಲ, ನಡುಬಿಂದುವಿನಿಂದ ಮೈ ಹೊರಚಿಮ್ಮುವ ಅಥವಾ ಒಳಸೇರುವ ಬಗೆಯಲ್ಲಿ ಎಂಬುದು 1962ರಲ್ಲಿ ಹೊರಬಂದ ಅವರ ಗ್ರಂಥದ ಸಾರ. ಎಲ್ಲ ಶಿಲ್ಪಕ್ಕೂ ಇದು ಹೊಂದುತ್ತದೆಂದು ನಾನು ಒಪ್ಪಲಾರೆ. ಹುಡುಕುವವರಿಗೆ ಗೆರೆ ಸಿಕ್ಕೇ ಸಿಗುತ್ತದೆ. ಆದರೆ ಹೆಸರುಚೀಟಿ ಓದಿ ಮುಂದೆ ಸಾಗುವ ನಮ್ಮ ಕಣ್ಣನ್ನು ಅದು ತಡೆದು ನಿಲ್ಲಿಸಿತು.

ಅವರು 1981ರಲ್ಲಿ ತೀರಿಕೊಂಡರು. ಪ್ರಕೃತಿ, ವಿಶ್ವರೂಪ, ಕಾಳಿ ಪಟಗಳು ಕಾಶಿಯಲ್ಲೇ ಉಳಿದವು, ಹಿಂದೂ ವಿಶ್ವವಿದ್ಯಾಲಯದ ಭಾರತ ಕಲಾಭವನದಲ್ಲಿ. ಅಸ್ಸಿಯಿಂದ ರಿಕ್ಷಾದಲ್ಲಿ ಹೋಗುವಷ್ಟೇ ದೂರ. ಮುಂದಿನ ಸಲ ಗಂಗಾಸ್ನಾನಕ್ಕೆ ಹೋದವರು ಒಂದು ಮಧ್ಯಾಹ್ನವನ್ನು ಅದಕ್ಕೆ ಮೀಸಲಿಡಬಹುದು.