ಎಳೆಯ ಕುದುರೆಗಳ ನೆಲದ ತರಬೇತಿ

ನೆಲದ ತರಬೇತಿ ಎಂದರೆ ಕುದುರೆಯ ಬೆನ್ನೇರದೆ, ಅದರ ಪಕ್ಕದಲ್ಲಿ ನಿಂತು ಮತ್ತು ನಡೆದು ಕಲಿಸುವ ಪದ್ಧತಿ. ಇಂಗ್ಲಿಷಿನಲ್ಲಿ ಇದಕ್ಕೆ ಗ್ರೌಂಡ್‌ವರ್ಕ್ ಎಂದು ಹೆಸರು. ಮೈ ಮುಟ್ಟಿಸಿಕೊಳ್ಳುವುದು, ಹಗ್ಗದ ಸೂಚನೆಯಂತೆ ನಡೆಯುವುದು, ನಿಲ್ಲುವುದು, ಹಿಂದೆ ಸರಿಯುವುದು ಮತ್ತು ಗೊರಸು ಎತ್ತಿಕೊಡುವುದು ಇದರ ಮುಖ್ಯ ಪಾಠಗಳು. ಸವಾರಿಗೆ ಪೂರ್ವಸಿದ್ಧತೆಯಾದ ಈ ತರಬೇತಿಯನ್ನು ಬೆದರುವ, ಒದೆಯುವ ಅಥವಾ ಕಚ್ಚುವ ಎಳೆಯ ಕುದುರೆಗಳಲ್ಲಿ ಮನುಷ್ಯರ ಬಗ್ಗೆ ವಿಶ್ವಾಸ ಮೂಡಿಸಲೂ ಬಳಸುತ್ತಾರೆ.

ಕುದುರೆಯ ಸ್ವಭಾವ

ಕುದುರೆಯು ಬೇಟೆಗೆ ಗುರಿಯಾಗುವ ಪ್ರಾಣಿ. ಅಪಾಯ ಕಂಡೊಡನೆ ಓಡುವುದೇ ಅದರ ಮೊದಲ ರಕ್ಷಣೆ. ಓಡಲು ದಾರಿಯಿಲ್ಲದಾಗ ಅದು ಒದೆಯುತ್ತದೆ ಅಥವಾ ಕಚ್ಚುತ್ತದೆ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುಮಾರು 350 ಡಿಗ್ರಿಗಳಷ್ಟು ವಿಸ್ತಾರ ಅದಕ್ಕೆ ಕಾಣುತ್ತದೆ. ಆದರೆ ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಇರುವುದು ಕಾಣಿಸದು. ಆದ್ದರಿಂದ ಭುಜದ ಕಡೆಯಿಂದ, ಮಾತನಾಡುತ್ತ ಸಮೀಪಿಸುವುದು ವಾಡಿಕೆ.

ಹಠಮಾರಿ ಎಂದು ಹೆಸರಾದ ಕುದುರೆಯ ನಡತೆಗೆ ಅನೇಕ ವೇಳೆ ನೋವು ಅಥವಾ ಭಯ ಕಾರಣವಾಗಿರುತ್ತದೆ. ಸುಮಾರು ಎರಡೂವರೆಯಿಂದ ನಾಲ್ಕೂವರೆ ವರ್ಷದವರೆಗೆ ಅದರ ಮುಂಭಾಗದ ಹಾಲುಹಲ್ಲುಗಳು ಬಿದ್ದು ಹೊಸ ಹಲ್ಲುಗಳು ಬರುತ್ತವೆ. ಸವಾರಿಯ ತರಬೇತಿ ಆರಂಭವಾಗುವ ವಯಸ್ಸೂ ಸಾಮಾನ್ಯವಾಗಿ ಇದೇ. ಹೀಗಾಗಿ ತರಬೇತಿಗೆ ಮುನ್ನ ಹಲ್ಲು, ಬೆನ್ನು ಮತ್ತು ಗೊರಸುಗಳನ್ನು ಪಶುವೈದ್ಯರಿಂದ ಪರೀಕ್ಷಿಸುವುದು ಅಗತ್ಯ.

ಇತಿಹಾಸ

ಕ್ರಿ.ಪೂ. 4ನೆಯ ಶತಮಾನದ ಗ್ರೀಕ್ ಲೇಖಕ ಕ್ಸೆನೊಫೋನ್ ಅಶ್ವಾರೋಹಣವನ್ನು ಕುರಿತ ತನ್ನ ಗ್ರಂಥದಲ್ಲಿ, ಎಳೆಯ ಕುದುರೆಯು ಆಹಾರ, ನೀರು ಮತ್ತು ನೆಮ್ಮದಿಯನ್ನು ಮನುಷ್ಯನೊಂದಿಗೆ ಜೋಡಿಸಿಕೊಳ್ಳುವಂತೆ ನೋಡಿಕೊಳ್ಳಬೇಕೆಂದೂ ಕೋಪದಲ್ಲಿ ಅದರ ಬಳಿ ವ್ಯವಹರಿಸಬಾರದೆಂದೂ ಹೇಳಿದ್ದಾನೆ. 19ನೆಯ ಶತಮಾನದಲ್ಲಿ ಅಮೆರಿಕದ ಜಾನ್ ಸಾಲೊಮನ್ ರೇರಿ (1827–1866) ಉಗ್ರ ಕುದುರೆಗಳನ್ನು ಪಳಗಿಸುವುದರಲ್ಲಿ ಪ್ರಸಿದ್ಧನಾದನು. ಅವನು 1858ರಲ್ಲಿ ಇಂಗ್ಲೆಂಡಿನಲ್ಲಿ ಕ್ರೂಸರ್ ಎಂಬ ಅಪಾಯಕಾರಿ ಕುದುರೆಯನ್ನು ಪಳಗಿಸಿದನು. ಮುಂಗಾಲೊಂದನ್ನು ಮಡಿಚಿ ಪಟ್ಟಿಯಿಂದ ಕಟ್ಟಿ, ಕುದುರೆಯನ್ನು ನೆಲಕ್ಕೆ ಮಲಗಿಸಿ, ಬಳಿಕ ಮೈದಡವಿ ಸಂತೈಸುವುದು ಅವನ ಕ್ರಮವಾಗಿತ್ತು. 20ನೆಯ ಶತಮಾನದಲ್ಲಿ ಟಾಮ್ ಡೊರೆನ್ಸ್ (1910–2003) ಮತ್ತು ರೇ ಹಂಟ್ (1929–2009) ಕುದುರೆಯ ಪ್ರತಿಕ್ರಿಯೆಯನ್ನು ಗಮನಿಸಿ ಕಲಿಸುವ ಕ್ರಮವನ್ನು ಅಮೆರಿಕದಲ್ಲಿ ಪ್ರಚಾರಕ್ಕೆ ತಂದರು.

ಮೂಲತತ್ತ್ವ

ಈ ತರಬೇತಿಯ ಆಧಾರ ಒತ್ತಡ ಮತ್ತು ಬಿಡುವು. ಹಗ್ಗವನ್ನು ಹಗುರವಾಗಿ ಬಿಗಿ ಹಿಡಿದಾಗ ಕುದುರೆ ಒಂದು ಹೆಜ್ಜೆ ಮುಂದಿಟ್ಟರೆ ಆ ಕ್ಷಣವೇ ಹಗ್ಗವನ್ನು ಸಡಿಲಿಸಬೇಕು. ಕುದುರೆ ಕಲಿಯುವುದು ಎಳೆತದಿಂದಲ್ಲ, ಸಡಿಲಿಕೆಯಿಂದ. ತಡವಾಗಿ ಸಡಿಲಿಸಿದರೆ ತಾನು ಮಾಡಿದ್ದು ಸರಿಯೆಂಬುದು ಅದಕ್ಕೆ ತಿಳಿಯುವುದಿಲ್ಲ; ಅದು ತಲೆ ಕೊಡವಿದಾಗ ಸಡಿಲಿಸಿದರೆ ಕೊಡವುವುದನ್ನೇ ಕಲಿಯುತ್ತದೆ. ಒಂದು ಸೂಚನೆಗೆ ಪ್ರತಿದಿನವೂ ಒಂದೇ ಅರ್ಥವಿದ್ದಾಗ ಮನುಷ್ಯನ ಮುಂದಿನ ನಡೆಯನ್ನು ಕುದುರೆ ಊಹಿಸಬಲ್ಲುದು. ವಿಶ್ವಾಸದ ಮೂಲ ಇದೇ.

ಹಂತಗಳು

* ಸಾಮೀಪ್ಯ: ಕುದುರೆ ಉದ್ವಿಗ್ನವಾಗುವ ಮೊದಲೇ ನಿಂತು, ಶಾಂತವಾದಾಗ ಹಿಂದೆ ಸರಿಯುವುದು.
* ಸ್ಪರ್ಶ: ಕುತ್ತಿಗೆಯ ಬುಡದಿಂದ ಆರಂಭಿಸುವುದು. ಕುದುರೆಗಳು ಪರಸ್ಪರ ಕೆರೆದುಕೊಳ್ಳುವ ಈ ಭಾಗದಲ್ಲಿ ಕೆರೆದರೆ ಅವುಗಳ ಹೃದಯ ಬಡಿತ ತಗ್ಗುತ್ತದೆ.
* ನಡಿಗೆ: ಕಡಿವಾಣವಿಲ್ಲದ ಮುಖಪಟ್ಟಿ ಹಾಗೂ ಉದ್ದನೆಯ ಹಗ್ಗದಿಂದ ನಡೆಸುವುದು, ನಿಲ್ಲಿಸುವುದು, ಹಿಂದೆ ಸರಿಸುವುದು.
* ಗೊರಸು: ಮೊದಲು ಕಾಲನ್ನು ಮುಟ್ಟುವುದು, ಬಳಿಕ ಕ್ಷಣಕಾಲ ಎತ್ತಿ, ಅದು ಕಿತ್ತುಕೊಳ್ಳುವ ಮೊದಲೇ ಇಳಿಸುವುದು.
* ಹೊಸ ವಸ್ತುಗಳು: ಬಟ್ಟೆ, ಜೀನು ಮೊದಲಾದವನ್ನು ದೂರದಿಂದ ತೋರಿಸಿ ಹಂತಹಂತವಾಗಿ ಸಮೀಪಿಸುವುದು.

ಪಾಠ ಚಿಕ್ಕದಾಗಿದ್ದು, ಕುದುರೆ ಶಾಂತವಾಗಿರುವಾಗ ಮುಗಿಯಬೇಕು.

ವಿಶ್ವಾಸ ಮತ್ತು ಶರಣಾಗತಿ

ಅಲುಗದೆ ನಿಂತ ಕುದುರೆಯೆಲ್ಲವೂ ವಿಶ್ವಾಸಗೊಂಡ ಕುದುರೆಯಲ್ಲ. ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಪ್ರತಿಭಟಿಸುವುದನ್ನು ಬಿಟ್ಟ ಕುದುರೆಯೂ ಹಾಗೆಯೇ ನಿಲ್ಲುತ್ತದೆ. ರೇರಿಯ ಪದ್ಧತಿಯನ್ನು ಇಂದು ಈ ಕಾರಣದಿಂದಲೇ ಟೀಕಿಸಲಾಗುತ್ತದೆ. ವೃತ್ತಾಕಾರದ ಬೇಲಿಯೊಳಗೆ ಕುದುರೆಯನ್ನು ಓಡಿಸಿ, ಅದು ತಾನಾಗಿ ಹಿಂಬಾಲಿಸಿ ಬರುವಂತೆ ಮಾಡುವ ಕ್ರಮದ ಬಗೆಗೂ ಚರ್ಚೆಯಿದೆ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಮನುಷ್ಯನ ಬದಲು ದೂರನಿಯಂತ್ರಿತ ಆಟಿಕೆ ಕಾರನ್ನು ಬಳಸಿದಾಗಲೂ ಕುದುರೆಗಳು ಅದನ್ನು ಹಿಂಬಾಲಿಸಲು ಕಲಿತವು. ಹಿಂಬಾಲಿಸುವಿಕೆಯೊಂದೇ ಸ್ನೇಹದ ಸಾಕ್ಷ್ಯವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ತಗ್ಗಿದ ತಲೆ, ಸಡಿಲವಾದ ತುಟಿ ಮತ್ತು ಸುತ್ತಲಿನ ಸದ್ದಿಗೆ ತಿರುಗುವ ಕಿವಿಗಳು ನೆಮ್ಮದಿಯ ಲಕ್ಷಣಗಳು. ಬಿಗಿದ ದವಡೆ ಮತ್ತು ಬಿಳಿಭಾಗ ಕಾಣುವ ಕಣ್ಣು ಭಯದ ಲಕ್ಷಣಗಳು. ಶೂನ್ಯ ದೃಷ್ಟಿಯಿಂದ, ಏನಕ್ಕೂ ಸ್ಪಂದಿಸದೆ ನಿಂತಿರುವುದನ್ನು ವಿಧೇಯತೆಯೆಂದು ತಿಳಿಯಬಾರದು.

ಸುರಕ್ಷತೆ

ಹಗ್ಗವನ್ನು ಕೈಗೆ ಎಂದಿಗೂ ಸುತ್ತಿಕೊಳ್ಳಬಾರದು. ಬೆದರಿ ಓಡುವ ಕುದುರೆ ಹಿಡಿದವನನ್ನು ಎಳೆದೊಯ್ಯಬಲ್ಲುದು. ಶಿರಸ್ತ್ರಾಣ, ಕೈಗವಸು ಮತ್ತು ಗಟ್ಟಿ ಪಾದರಕ್ಷೆ ಧರಿಸಬೇಕು. ಕುದುರೆಯ ನೇರ ಹಿಂದೆ ನಿಲ್ಲಬಾರದು. ಅನನುಭವಿಗಳು ಒದೆಯುವ ಇಲ್ಲವೆ ಕಚ್ಚುವ ಕುದುರೆಯನ್ನು ನುರಿತ ತರಬೇತುದಾರರ ನೆರವಿಲ್ಲದೆ ನಿರ್ವಹಿಸಬಾರದು.

ಸವಾರಿಯ ಆರಂಭ

ಬೆನ್ನುಮೂಳೆಯ ಬೆಳವಣಿಗೆ ಸುಮಾರು ಐದಾರು ವರ್ಷಗಳವರೆಗೆ ಮುಂದುವರಿಯುತ್ತದೆ. ಆದ್ದರಿಂದ ಮೂರು ಅಥವಾ ನಾಲ್ಕನೆಯ ವರ್ಷದಲ್ಲಿ ಸವಾರಿ ಆರಂಭಿಸಿದರೂ ಅದು ಅಲ್ಪಕಾಲದ್ದಾಗಿರಬೇಕು. ಅಲ್ಲಿಯವರೆಗಿನ ಅವಧಿಯು ನೆಲದ ತರಬೇತಿಗೆ ಸೂಕ್ತವಾದುದು. ನಿಲ್ಲು, ನಡೆ, ತಿರುಗು ಎಂಬ ಸೂಚನೆಗಳನ್ನು ನೆಲದ ಮೇಲೆ ಅರಿತ ಕುದುರೆಗೆ ಸವಾರನ ಭಾರವೊಂದೇ ಹೊಸದಾಗಿರುತ್ತದೆ.