‘ಲೇಟ್’ ಎಂಬ ಎರಡಕ್ಷರ

ನಮ್ಮ ಅರಸೀಕೆರೆ ರೈಲ್ವೆ ಜಂಕ್ಷನ್ನಿನ ಊರು. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಮೈಸೂರಿನ ಮಾರ್ಗ ಬಂದು ಸೇರುವುದು ಇಲ್ಲಿಯೇ. ಆದುದರಿಂದ ಇಂಗ್ಲಿಷ್ ಅರಿಯದವರ ಬಾಯಲ್ಲೂ ‘ಲೇಟ್’ ನೆಲೆಸಿದೆ. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಿತು. ‘ಗಾಡಿ ಲೇಟಂತೆ’ ಎಂಬ ಮಾತು ಮಾತ್ರ ಹಾಗೆಯೇ ಉಳಿಯಿತು.

ಹಳೆಯ ಇಂಗ್ಲಿಷಿನಲ್ಲಿ ಈ ಗುಣವಾಚಕದ ಮೂಲಾರ್ಥ ‘ನಿಧಾನ’. ತಡವಾದದ್ದು, ಇತ್ತೀಚಿನದು ಎಂಬ ಅರ್ಥಗಳು ಅದರಿಂದ ಬೆಳೆದವು. ಇತ್ತೀಚಿನವರೆಗೆ ಇದ್ದವರು ಎಂಬ ಭಾವದಿಂದ 15ನೆಯ ಶತಮಾನದಲ್ಲಿ ‘ಮೃತ’ ಎಂಬ ಅರ್ಥವೂ ಸೇರಿತು. ಇಂಗ್ಲಿಷರು ಸಾಮಾನ್ಯವಾಗಿ ಈಚೆಗೆ ತೀರಿಕೊಂಡವರಿಗಷ್ಟೇ ಅದನ್ನು ಬಳಸುತ್ತಾರೆ. ನಮ್ಮ ಪಹಣಿ, ಅರ್ಜಿಗಳಲ್ಲಿ ಆ ಮಿತಿಯಿಲ್ಲ, ಮುತ್ತಾತನೂ ‘ಲೇಟ್’. ‘ಬಿನ್ ಲೇಟ್’ ಎಂದು ಬರೆಯುವಾಗ ಅರಬ್ಬಿಯ ‘ಬಿನ್’ ಇಂಗ್ಲಿಷಿನ ಕೈಹಿಡಿದು ಕನ್ನಡದ ಹೆಸರಿನ ಮುಂದೆ ನಿಲ್ಲುತ್ತದೆ.

ನಮಗೆ ಪದಗಳ ಬಡತನವಿರಲಿಲ್ಲ. ನಮ್ಮದೇ ಜಿಲ್ಲೆಯ ಶ್ರವಣಬೆಳಗೊಳದ ಶಾಸನಗಳು, ವ್ರತಹಿಡಿದು ದೇಹ ಬಿಟ್ಟವರನ್ನು ‘ಮುಡಿಪಿದರು’ ಎನ್ನುತ್ತವೆ. ‘ದಿವಂಗತ’ರೆಂದರೆ ಸ್ವರ್ಗಕ್ಕೆ ಹೋದವರು, ‘ಕೀರ್ತಿಶೇಷ’ರೆಂದರೆ ಕೀರ್ತಿಯಾಗಿ ಉಳಿದವರು.

ನಾನು ಮೇಷ್ಟರಾದ ಹೊಸತರಲ್ಲಿ, ದಿನವೂ ತಡವಾಗಿ ಬರುತ್ತಿದ್ದ ಹುಡುಗನೊಬ್ಬನನ್ನು ‘ಏಕೋ ಲೇಟು?’ ಎಂದು ಗದರಿಸಿ ಬಾಗಿಲಲ್ಲೇ ನಿಲ್ಲಿಸಿದ್ದೆ. ಅದೇ ವಾರ ಅವನು ತಂದ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಂದೆಯ ಹೆಸರಿನ ಮುಂದೆ ಅದೇ ಪದವಿತ್ತು. ಬೆಳಗಿನ ಕೆಲಸವೆಲ್ಲ ಮುಗಿಸಿ ಬರುತ್ತಿದ್ದನೆಂದು ಆಗ ತಿಳಿಯಿತು. ಅಂದಿನಿಂದ ‘ಏಕಪ್ಪ ತಡವಾಯಿತು?’ ಎಂದು ಕೇಳಿ, ಉತ್ತರಕ್ಕಾಗಿ ಕಾಯುವುದನ್ನು ಕಲಿತೆ.