ಹಗೇವು ಮತ್ತು ಬೂಷ್ಟು

ಕೌಜಲಗಿ, ಗೋಕಾಕ, ಮೂಡಲಗಿ ಸುತ್ತಿನ ಎರೆನಾಡಿನಲ್ಲಿ ಬೂಷ್ಟು ಹಿಡಿಯುವ ಚಿಂತೆ ಮನೆಯ ಗೋಡೆಗಿಂತ ಕೂಡಿಟ್ಟ ಜೋಳದ್ದೇ ಹೆಚ್ಚಾಗಿತ್ತು. ವರ್ಷದ ಕಾಳನ್ನು ಹಗೇವು ಎಂಬ ನೆಲದೊಳಗಿನ ಗುಂಡಿಯಲ್ಲಿ ತುಂಬಿಡುತ್ತಿದ್ದರು. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಹಿಗ್ಗುತ್ತದೆ. ಹಾಗಾಗಿ ಹಗೇವಿಗೆ ಊರೊಳಗಿನ ಎತ್ತರದ ಗಟ್ಟಿ ನೆಲವೇ ಬೇಕು. ಬಾಯಿ ಒಬ್ಬ ಆಳು ಇಳಿಯುವಷ್ಟು, ಹೊಟ್ಟೆ ಅಗಲ. ತಳಕ್ಕೂ ಸುತ್ತಲಿನ ಗೋಡೆಗೂ ಒಣ ಕಣಿಕೆ, ಹೊಟ್ಟು ಹಾಸಿ, ಹಿಂಗಾರಿ ಬಿಳಿಜೋಳ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು.

ಉಪಾಯದ ಗುಟ್ಟು ಗಾಳಿಯಲ್ಲಿದೆ. ಮುಚ್ಚಿದ ಕಾಳು ಉಸಿರಾಡಿ ಆಮ್ಲಜನಕ ತೀರಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳವೂ ಬೂಷ್ಟೂ ಸೊರಗುತ್ತವೆ. ಅದೇ ಗಾಳಿ ಇಳಿದವನ ಜೀವಕ್ಕೂ ಕುತ್ತು. ಬಾಯಿ ತೆರೆದು ಸಾಕಷ್ಟು ಹೊತ್ತು ಬಿಟ್ಟು, ಕಂದೀಲು ಇಳಿಸಿ, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಅಂಚಿನ ಕಾಳು ಮಾತ್ರ ಕಪ್ಪಾಗಿ, ಮುಗ್ಗಲು ನಾತ ಹಿಡಿದು ಗಟ್ಟಿ ಹೆಂಟೆಯಾಗಿರುತ್ತಿತ್ತು. ಅದನ್ನು ದನಕ್ಕೆ ಹಾಕುವ ರೂಢಿಯೂ ಇತ್ತು. ಬೂಷ್ಟಿನ ವಿಷ ದನಕ್ಕೂ ತಾಗುವುದರಿಂದ ಅದೇನೂ ಒಳ್ಳೆಯ ರೂಢಿಯಲ್ಲ.

ಈ ಪದ್ಧತಿ ಒಣನೆಲವನ್ನೇ ನಂಬಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಧೂಪದಾಳದಲ್ಲಿ ಘಟಪ್ರಭಾ ನದಿಗೆ ಒಡ್ಡು ಬಿತ್ತು. 1970ರ ದಶಕದಲ್ಲಿ ಹಿಡಕಲ್ ಜಲಾಶಯ ಬಂತು. ಕಾಲುವೆ ಹರಿದಲ್ಲಿ ನೆಲ ತೇವಗೊಂಡಿತು, ಜೋಳದ ಹೊಲಕ್ಕೆ ಕಬ್ಬು ನುಗ್ಗಿತು. ಉಳಿದ ಜೋಳ ಗೋಣಿಚೀಲಕ್ಕೆ ಏರಿತು. ಹಗೇವುಗಳು ಈಗ ಬಹುಪಾಲು ಮುಚ್ಚಿಹೋಗಿವೆ. ಮನೆಯ ಪಾಯ ಅಗೆಯುವಾಗ ಅಪರೂಪಕ್ಕೊಂದು ಬಾಯಿ ತೆರೆದುಕೊಳ್ಳುತ್ತದೆ.